ವಿಪಿಎನ್ ಮತ್ತು ಪ್ರಾಕ್ಸಿ ಜಾಲ: ಬಾಡಿಗೆಗೆ ಹೋಗುತ್ತಿರುವ ವಿಳಾಸ ಯಾರದ್ದು?

ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್, ಪಾಲಡಿನ್‌ವಿಪಿಎನ್, ಪ್ರಾಕ್ಸಿಗೇಟ್, ಶೀಲ್ಡ್‌ವಿಪಿಎನ್, ಶೈನ್‌ವಿಪಿಎನ್. ಈ ಆರರಲ್ಲಿ ಯಾವುದಾದರೂ ನಿಮ್ಮ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಉಳಿದುಕೊಂಡಿದ್ದರೆ ಮೊದಲು ಅದನ್ನು ತೆಗೆದುಹಾಕಿ, ಆಮೇಲೆ ಮುಂದಕ್ಕೆ ಓದಿ. ಇವು ವಿಪಿಎನ್‌ಗಳು, ಅಂದರೆ ನಿಮ್ಮ ಇಂಟರ್ನೆಟ್ ಸಂಚಾರವನ್ನು ಮರೆಮಾಡಿ ಇನ್ನೊಂದು ಸರ್ವರ್ ಮೂಲಕ ಸಾಗಿಸುವ ತಂತ್ರಾಂಶಗಳು. ಪುಕ್ಕಟೆಯಾಗಿ ಸಿಗುತ್ತಿದ್ದ ಇವನ್ನು ಜನ ಹಾಕಿಕೊಂಡದ್ದು ತಮ್ಮ ಗುರುತು ಹೊರಗೆ ಕಾಣದಿರಲಿ ಎಂದು. ಹಾಕಿಕೊಂಡ ಗಳಿಗೆಯಿಂದ ಅವರ ಕಂಪ್ಯೂಟರು ಬೇರೆ ಯಾರದೋ ಗುರುತು ಮರೆಸುವ ಕೆಲಸಕ್ಕೆ ತೊಡಗಿತು. ಆ ಜಾಲದ ಹೆಸರು '911 ಎಸ್5'.

2024ರ ಮೇ 24ರಂದು ಯುನ್ಹೆ ವಾಂಗ್ ಎಂಬ ಚೀನಾದ 35 ವರ್ಷದ ವ್ಯಕ್ತಿಯನ್ನು ಈ ಜಾಲ ನಡೆಸಿದ ಆರೋಪದ ಮೇಲೆ ಸಿಂಗಪುರದಲ್ಲಿ ಬಂಧಿಸಲಾಯಿತು. ಅಮೆರಿಕದ ನ್ಯಾಯ ಇಲಾಖೆ ಮುಂದಿಟ್ಟ ಲೆಕ್ಕ ಹೀಗಿದೆ: ಸುಮಾರು 200 ದೇಶಗಳಲ್ಲಿ ಹರಡಿದ್ದ 1.9 ಕೋಟಿಗೂ ಹೆಚ್ಚು ಐಪಿ ವಿಳಾಸಗಳು, ಅಂದರೆ ಇಂಟರ್ನೆಟ್‌ನಲ್ಲಿ ಒಂದು ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳು; ಅವುಗಳನ್ನು ಬಾಡಿಗೆಗೆ ಕೊಟ್ಟು 2018ರಿಂದ 2022ರ ಜುಲೈವರೆಗೆ ಗಳಿಸಿದ್ದು ಸುಮಾರು 9.9 ಕೋಟಿ ಡಾಲರ್. ಬಾಡಿಗೆಗೆ ಪಡೆದವರು ಆ ವಿಳಾಸಗಳ ಹಿಂದೆ ಅಡಗಿ, ಕೊರೊನಾ ಕಾಲದ ಪರಿಹಾರ ಯೋಜನೆಗಳಿಗೆ ಕೈಹಾಕಿದರು. ನಿರುದ್ಯೋಗ ವಿಮೆಗೆಂದು ಸಲ್ಲಿಸಿದ ಸುಮಾರು 5.6 ಲಕ್ಷ ಸುಳ್ಳು ಅರ್ಜಿಗಳು ಈ ಜಾಲದ ವಿಳಾಸಗಳಿಂದ ಬಂದಿದ್ದವು, ನಷ್ಟ 590 ಕೋಟಿ ಡಾಲರ್ ದಾಟಿತ್ತು ಎಂದು ತನಿಖೆ ಹೇಳಿತು. ಅರ್ಜಿ ಬಂದದ್ದು ಎಲ್ಲಿಂದ ಎಂದು ಹುಡುಕಿಕೊಂಡು ಹೋದರೆ ಸಿಗುತ್ತಿದ್ದದ್ದು ಏನೂ ಅರಿಯದ ಯಾವುದೋ ಕುಟುಂಬದ ಮನೆ ಬಾಗಿಲು.

ಈ ಪ್ರಕರಣವನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ವಿಪಿಎನ್ ಮತ್ತು ಪ್ರಾಕ್ಸಿ ಎರಡೂ ಒಂದೇ, ಒಂದು ದುಬಾರಿ ಇನ್ನೊಂದು ಅಗ್ಗ ಎಂಬಂತೆ ಮಾತಾಡುವವರು ಬಹಳ. ನಿಜಕ್ಕೂ ಇವೆರಡರ ಉದ್ದೇಶವೇ ಬೇರೆ. 911 ಎಸ್5ರಲ್ಲಿ ಎರಡೂ ಒಂದೇ ತಂತ್ರಾಂಶದೊಳಗೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿದ್ದವು. ಬಳಕೆದಾರನ ಕಡೆಯಿಂದ ನೋಡಿದರೆ ವಿಪಿಎನ್. ಜಾಲದ ಗ್ರಾಹಕನ ಕಡೆಯಿಂದ ನೋಡಿದರೆ ಬಾಡಿಗೆಗೆ ಸಿಕ್ಕ ಪ್ರಾಕ್ಸಿ, ಅಂದರೆ ತನ್ನ ಪರವಾಗಿ ಮುಂದೆ ನಿಲ್ಲುವ ಬೇರೊಬ್ಬರ ಕಂಪ್ಯೂಟರು. ಯಾವ ತಂತ್ರಜ್ಞಾನ ಹೆಚ್ಚು ಚೆನ್ನಾಗಿ ಮುಚ್ಚಿಡುತ್ತದೆ ಎಂದು ಕೇಳುವ ಮುನ್ನ, ಆ ತುದಿಯಲ್ಲಿ ಕಾಣುವ ವಿಳಾಸ ಯಾರದ್ದು, ಆತ ಅದಕ್ಕೆ ಒಪ್ಪಿದ್ದಾನೆಯೇ ಎಂದು ಕೇಳಬೇಕು. ಇದು ವ್ಯವಹಾರ ನಡೆಸುವವರಿಗೂ ಅನ್ವಯಿಸುತ್ತದೆ, ಮನೆಯಲ್ಲಿ ಫೋನ್ ಹಿಡಿದವರಿಗೂ.

ಹಾಜರಿ ಪುಸ್ತಕದ ಪ್ರಾಕ್ಸಿ

ಕಾಲೇಜಿನಲ್ಲಿ ಓದಿದವರಿಗೆ ಪ್ರಾಕ್ಸಿ ಹೊಸ ಪದವಲ್ಲ. ಹಾಜರಿ ಕರೆಯುವಾಗ ಬಾರದ ಗೆಳೆಯನ ಪರವಾಗಿ 'ಎಸ್ ಸರ್' ಅನ್ನುವುದಕ್ಕೆ ಪ್ರಾಕ್ಸಿ ಹಾಕುವುದು ಎಂದೇ ಹೆಸರು. ಇಂಟರ್ನೆಟ್‌ನ ಪ್ರಾಕ್ಸಿಯೂ ಮಾಡುವುದು ಅದನ್ನೇ. ನಿಮ್ಮ ಬ್ರೌಸರು ನೇರವಾಗಿ ಜಾಲತಾಣಕ್ಕೆ ಹೋಗುವ ಬದಲು ನಡುವಿನ ಒಂದು ಕಂಪ್ಯೂಟರಿಗೆ 'ನನ್ನ ಪರವಾಗಿ ಈ ಪುಟ ತಂದುಕೊಡು' ಎಂದು ಹೇಳುತ್ತದೆ. ಜಾಲತಾಣಕ್ಕೆ ಕೇಳಿಸುವುದು ನಡುವಿನವನ ದನಿ ಮಾತ್ರ. ಒಬ್ಬನೇ ಹುಡುಗ ಹತ್ತು ಜನರಿಗೆ ಕೂಗಿದರೆ ಉಪನ್ಯಾಸಕರು ತಲೆ ಎತ್ತಿ ನೋಡುತ್ತಾರೆ. ಹತ್ತು ಬೇರೆ ಬೇರೆ ದನಿಗಳಿಂದ ಬಂದರೆ ಗೊತ್ತಾಗುವುದಿಲ್ಲ. ಪ್ರಾಕ್ಸಿ ಉದ್ಯಮ ಜಾಲವಾಗಿ ಬೆಳೆದದ್ದು ಈ ಬೇರೆ ಬೇರೆ ದನಿಗಳ ಹುಡುಕಾಟದಲ್ಲಿ.

ಮೊದಲು ಇದರ ಕೆಲಸ ಸಾದಾ ಆಗಿತ್ತು. 1994ರ ಹೊತ್ತಿಗೆ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ವೆಬ್ ಪ್ರಾಕ್ಸಿ ರೂಪುಗೊಂಡಾಗ, ಫೈರ್‌ವಾಲ್ ಎಂಬ ಭದ್ರತಾ ತಡೆಯ ಹಿಂದಿನ ಕಂಪ್ಯೂಟರುಗಳಿಗೆ ಹೊರಗಿನ ವೆಬ್ ಸಿಗಲಿ, ಒಮ್ಮೆ ತಂದ ಪುಟವನ್ನು ಇಟ್ಟುಕೊಂಡು ಮುಂದಿನವರಿಗೂ ಕೊಡೋಣ ಎಂಬುದಷ್ಟೇ ಉದ್ದೇಶ. 2000ದ ದಶಕದಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಕುಳಿತವರಿಗೆ ನೆನಪಿರಬಹುದು, ಬ್ರೌಸರಿನ ಸೆಟ್ಟಿಂಗ್‌ಗೆ ಹೋಗಿ ಒಂದು ವಿಳಾಸ, ಪಕ್ಕದಲ್ಲಿ 3128 ಎಂಬ ಪೋರ್ಟ್ ಸಂಖ್ಯೆ ತುಂಬಿದರೆ ಮಾತ್ರ ಇಂಟರ್ನೆಟ್ ಬರುತ್ತಿತ್ತು. ಅದು ಸ್ಕ್ವಿಡ್ ಎಂಬ ಪ್ರಾಕ್ಸಿ ತಂತ್ರಾಂಶದ ಪೋರ್ಟು. ಇಡೀ ಕಾಲೇಜಿಗೆ ಇದ್ದ ಸಣ್ಣ ಸಂಪರ್ಕವನ್ನು ನೂರಾರು ಮಂದಿ ಹಂಚಿಕೊಳ್ಳುವುದಕ್ಕೆ, ಬೇಡದ ತಾಣಗಳನ್ನು ತಡೆಯುವುದಕ್ಕೆ ಅದು ಬೇಕಿತ್ತು.

ಆ ಸೆಟ್ಟಿಂಗ್ ಬ್ರೌಸರಿನೊಳಗೆ ಇತ್ತು ಎಂಬುದನ್ನು ಗಮನಿಸಿ. ಪ್ರಾಕ್ಸಿ ಸಾಮಾನ್ಯವಾಗಿ ಒಂದು ಆ್ಯಪ್‌ನ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಬ್ರೌಸರು ಪ್ರಾಕ್ಸಿ ಮೂಲಕ ಹೋದರೂ ಅದೇ ಕಂಪ್ಯೂಟರಿನ ಇಮೇಲ್ ತಂತ್ರಾಂಶ ನೇರ ದಾರಿಯಲ್ಲೇ ಹೋಗಬಹುದು. ಒಂದು ಪ್ರೋಗ್ರಾಂ ಏಕಕಾಲಕ್ಕೆ ಸಾವಿರ ವಿನಂತಿಗಳನ್ನು ಸಾವಿರ ಬೇರೆ ಪ್ರಾಕ್ಸಿಗಳ ಮೂಲಕ ಕಳಿಸಲೂಬಹುದು. ವಿಪಿಎನ್‌ನಿಂದ ಇದು ಸುಲಭದಲ್ಲಿ ಆಗುವ ಕೆಲಸವಲ್ಲ.

ವಿಪಿಎನ್ ಇನ್ನೂ ಕೆಳಗಿನ ಮಟ್ಟದಲ್ಲಿ ಕೂರುತ್ತದೆ. ಸಾಧನಕ್ಕೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಸೇರಿಕೊಂಡಿದೆಯೇನೋ ಎಂಬಂತೆ ಆಪರೇಟಿಂಗ್ ಸಿಸ್ಟಮ್‌ಗೆ ತೋರಿಸಿ, ಹೊರಡುವ ದತ್ತಾಂಶವನ್ನೆಲ್ಲ ಹಿಡಿದು, ಗೂಢಲಿಪಿಯಲ್ಲಿ ಸುತ್ತಿ, ಇನ್ನೊಂದು ತುದಿಯ ಸರ್ವರ್‌ಗೆ ಸಾಗಿಸುತ್ತದೆ. ದಾರಿಯಲ್ಲಿರುವ ವೈಫೈ ಮಾಲೀಕನಿಗಾಗಲಿ ಇಂಟರ್ನೆಟ್ ಕಂಪನಿಗಾಗಲಿ ಒಳಗೇನಿದೆ ಎಂದು ಕಾಣದು. 1996ರ ಸುಮಾರಿಗೆ ಪಿಪಿಟಿಪಿ ಎಂಬ ವಿಧಾನದಿಂದ ಇದು ಕಚೇರಿಗಳಲ್ಲಿ ಬಳಕೆಗೆ ಬಂತು. ಈಗ ಹೊಸದಾಗಿ ಕಟ್ಟುವವರು ಹೆಚ್ಚಾಗಿ ಆರಿಸಿಕೊಳ್ಳುವುದು ವೈರ್‌ಗಾರ್ಡ್ ಅನ್ನು. ಸುಮಾರು 4,000 ಸಾಲುಗಳ ಪುಟ್ಟ ಸಂಕೇತವಾದ ಅದು 2020ರ ಮಾರ್ಚ್‌ನಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೇ ಸೇರಿಕೊಂಡಿತು.

ಪ್ರಾಕ್ಸಿಗೆ ಇಂಥ ಗೂಢಲಿಪಿಯ ಹೊದಿಕೆ ಕಡ್ಡಾಯವಲ್ಲ. ಹಾಗೆಂದು ಎಲ್ಲವೂ ತೆರೆದಿರುತ್ತದೆ ಎಂದು ಹೆದರಬೇಕಿಲ್ಲ. ಈಗ ಬಹುತೇಕ ತಾಣಗಳು ಎಚ್‌ಟಿಟಿಪಿಎಸ್‌ನಲ್ಲಿವೆ, ಅಂದರೆ ನಿಮ್ಮ ಮತ್ತು ತಾಣದ ನಡುವಿನ ಮಾತು ಆಗಲೇ ಗೂಢಲಿಪಿಯಲ್ಲಿರುತ್ತದೆ. ನಡುವಿನ ಪ್ರಾಕ್ಸಿಗೆ ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ತಿಳಿಯುತ್ತದೆ, ಅಲ್ಲಿ ಯಾವ ಪಾಸ್‌ವರ್ಡ್ ಬರೆದಿರಿ ಎಂಬುದು ತಿಳಿಯುವುದಿಲ್ಲ. ವಿಪಿಎನ್ ಹಾಕದೆ ಬ್ಯಾಂಕಿನ ತಾಣ ತೆರೆದರೆ ಹಣ ಹೋಗುತ್ತದೆ ಎಂದು ಜಾಹೀರಾತುಗಳು ಹೆದರಿಸುವುದರಲ್ಲಿ ಹುರುಳಿಲ್ಲ. ದುಡ್ಡು ಕೊಟ್ಟು ಕೊಳ್ಳುವ ವಿಪಿಎನ್ ಮಾಡುವುದು ನಂಬಿಕೆಯ ವರ್ಗಾವಣೆಯನ್ನು. ಇಂಟರ್ನೆಟ್ ಕಂಪನಿಗೆ ಕಾಣುತ್ತಿದ್ದದ್ದು ಇನ್ನು ಮುಂದೆ ವಿಪಿಎನ್ ಕಂಪನಿಗೆ ಕಾಣುತ್ತದೆ.

ಕಚೇರಿಯ ಒಳಬಾಗಿಲು

ವ್ಯವಹಾರದಲ್ಲಿ ವಿಪಿಎನ್‌ನ ಮೂಲ ಕೆಲಸ ತನ್ನವರನ್ನು ಒಳಗೆ ಬಿಟ್ಟುಕೊಳ್ಳುವುದು. ಹುಬ್ಬಳ್ಳಿಯ ಶಾಖೆ ಬೆಂಗಳೂರಿನ ಸರ್ವರ್ ನೋಡಬೇಕು, ಮನೆಯಲ್ಲಿರುವ ನೌಕರ ಕಚೇರಿಯ ಕಡತ ತೆರೆಯಬೇಕು. 2020ರ ಮಾರ್ಚ್‌ವರೆಗೆ ನಮ್ಮಲ್ಲಿ ಇದು ತಾಂತ್ರಿಕ ವಿಷಯಕ್ಕಿಂತ ಹೆಚ್ಚಾಗಿ ಪರವಾನಗಿಯ ವಿಷಯವಾಗಿತ್ತು. ಕಾಲ್ ಸೆಂಟರ್, ಬಿಪಿಒಗಳ ನೌಕರರು ಮನೆಯಿಂದ ಕೆಲಸ ಮಾಡಬೇಕಾದರೆ ದೂರಸಂಪರ್ಕ ಇಲಾಖೆಯ ನಿಯಮದಂತೆ ಭದ್ರತಾ ಠೇವಣಿ ಇಡಬೇಕಿತ್ತು, ಅಧಿಕೃತ ಸೇವಾದಾರರಿಂದಲೇ ವಿಪಿಎನ್ ಪಡೆಯಬೇಕಿತ್ತು. ಆ ಮಾರ್ಚ್ 13ರಂದು ಇಲಾಖೆ ಎರಡರಿಂದಲೂ ತಾತ್ಕಾಲಿಕ ವಿನಾಯಿತಿ ಕೊಟ್ಟಿತು, ನವೆಂಬರ್‌ನಲ್ಲಿ ನಿಯಮಗಳನ್ನೇ ಸಡಿಲಿಸಿತು. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳು ಖಾಲಿಯಾಗಿ ಶಿರಸಿ, ಪುತ್ತೂರು, ಸಾಗರದ ಮನೆಗಳ ಜಗಲಿಗೆ ಕೆಲಸ ಬಂದದ್ದರ ಹಿಂದೆ ಈ ಸಡಿಲಿಕೆಯೂ ಇದೆ.

ಸಣ್ಣ ಕಚೇರಿಗಳಿಗೆ ವಿಪಿಎನ್ ಬೇಡ ಎಂದುಕೊಳ್ಳುವುದು ನಾನು ಮತ್ತೆ ಮತ್ತೆ ಕಾಣುವ ತಪ್ಪು. ಲೆಕ್ಕಪರಿಶೋಧಕರ ಕಚೇರಿಯೊಂದನ್ನು ನೆನೆಸಿಕೊಳ್ಳಿ. ಟ್ಯಾಲಿ ಇರುವ ಕಂಪ್ಯೂಟರು ಕಚೇರಿಯಲ್ಲಿದೆ, ಸಹಾಯಕರು ಮನೆಯಿಂದ ಅದನ್ನು ಮುಟ್ಟಬೇಕು. ಯಾರೋ ಬಂದು ರೂಟರ್‌ನಲ್ಲಿ 3389 ಪೋರ್ಟ್ ತೆರೆದಿಟ್ಟು, ರಿಮೋಟ್ ಡೆಸ್ಕ್‌ಟಾಪ್ ಅನ್ನು ನೇರವಾಗಿ ಇಂಟರ್ನೆಟ್‌ಗೆ ಒಡ್ಡಿ ಹೋಗುತ್ತಾರೆ. ಆ ಪೋರ್ಟನ್ನು ಹುಡುಕುತ್ತಾ ದಿನದ 24 ಗಂಟೆಯೂ ಯಂತ್ರಗಳು ಜಗತ್ತಿನ ವಿಳಾಸಗಳನ್ನೆಲ್ಲ ತಟ್ಟುತ್ತಿರುತ್ತವೆ. ಪಾಸ್‌ವರ್ಡ್ ದುರ್ಬಲವಾಗಿದ್ದರೆ ಒಂದು ಬೆಳಿಗ್ಗೆ ಎಲ್ಲ ಗ್ರಾಹಕರ ಲೆಕ್ಕವೂ ರ‍್ಯಾನ್ಸಮ್‌ವೇರ್ ಬೀಗದೊಳಗೆ, ಹಣ ಕೊಡದೆ ತೆರೆಯದ ಹಾಗೆ, ಇರುತ್ತದೆ. ಅದೇ ಕಂಪ್ಯೂಟರಿನ ಮುಂದೆ ಒಂದು ವೈರ್‌ಗಾರ್ಡ್ ಇಟ್ಟರೆ ಹೊರಗಿನವರಿಗೆ ಬಾಗಿಲಿದೆ ಎಂಬುದೇ ಗೊತ್ತಾಗುವುದಿಲ್ಲ. ಕೀಲಿ ಸರಿ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ.

ಹಾಗೆಂದು ವಿಪಿಎನ್ ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಮಲಗುವ ಹಾಗಿಲ್ಲ. 2021ರ ಮೇ ತಿಂಗಳಲ್ಲಿ ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ನಿಂತು ಪೂರ್ವ ಕರಾವಳಿಯ ಪೆಟ್ರೋಲ್ ಬಂಕುಗಳಲ್ಲಿ ಸಾಲು ಬೆಳೆದದ್ದು ಬಳಕೆಯಲ್ಲಿಲ್ಲದ ಒಂದು ಹಳೆಯ ವಿಪಿಎನ್ ಖಾತೆಯ ಮೂಲಕ ದಾಳಿಕೋರರು ಒಳಗೆ ಬಂದದ್ದರಿಂದ. ಪಾಸ್‌ವರ್ಡ್ ಸೋರಿತ್ತು, ಒಟಿಪಿಯಂಥ ಎರಡನೆಯ ಪರೀಕ್ಷೆ ಇರಲಿಲ್ಲ. ಕಂಪನಿ 75 ಬಿಟ್‌ಕಾಯಿನ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್ ತೆತ್ತಿತು. 2024ರ ಜನವರಿ ಕೊನೆಯಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ, ಇವಾಂಟಿ ಕಂಪನಿಯ ವಿಪಿಎನ್ ಉಪಕರಣಗಳನ್ನು 48 ಗಂಟೆಯೊಳಗೆ ಜಾಲದಿಂದ ಕಳಚುವಂತೆ ಸರ್ಕಾರಿ ಇಲಾಖೆಗಳಿಗೆ ಆದೇಶಿಸಬೇಕಾಯಿತು. ಹಳೆಯ ಬಗೆಯ ವಿಪಿಎನ್‌ನ ದೋಷ ಒಂದೇ: ಹೆಬ್ಬಾಗಿಲು ದಾಟಿದವನಿಗೆ ಒಳಗಿನ ಎಲ್ಲ ಕೋಣೆಗಳೂ ಸಿಗುತ್ತವೆ.

ಗೂಗಲ್ ಈ ಪಾಠವನ್ನು ತನ್ನ ಜಾಲಕ್ಕೇ ನುಗ್ಗಿದ 'ಆಪರೇಷನ್ ಅರೋರಾ' ದಾಳಿಯ ನಂತರ ಕಲಿತು, ವಿಪಿಎನ್ ಬಿಟ್ಟುಬಿಡುವ ದಾರಿ ಹಿಡಿಯಿತು. 2014ರಲ್ಲಿ ಅದು ವಿವರಿಸಿದ ಬಿಯಾಂಡ್‌ಕಾರ್ಪ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಒಳ ಆ್ಯಪ್‌ನ ಮುಂದೆಯೂ ಒಂದು ಪ್ರಾಕ್ಸಿ ನಿಲ್ಲುತ್ತದೆ. ಬಂದವನು ಯಾರು, ಅವನ ಲ್ಯಾಪ್‌ಟಾಪ್ ಸುಸ್ಥಿತಿಯಲ್ಲಿದೆಯೇ, ಈ ಆ್ಯಪ್ ಅವನಿಗೆ ಬೇಕೇ ಎಂದು ಪ್ರತಿ ವಿನಂತಿಗೂ ಅದು ಪರಿಶೀಲಿಸುತ್ತದೆ. ಇಲ್ಲಿ ಪ್ರಾಕ್ಸಿ ಸರ್ವರ್‌ನ ಪರವಾಗಿ ನಿಂತಿರುತ್ತದೆ, ಗ್ರಾಹಕನ ಪರವಾಗಿ ಅಲ್ಲ. ಇದಕ್ಕೆ ರಿವರ್ಸ್ ಪ್ರಾಕ್ಸಿ ಎನ್ನುತ್ತಾರೆ. ಎಂಜಿನ್‌ಎಕ್ಸ್, ಕ್ಲೌಡ್‌ಫ್ಲೇರ್ ಮಾಡುವುದು ಈ ಕೆಲಸ. ನೀವು ದಿನಾ ನೋಡುವ ದೊಡ್ಡ ತಾಣಗಳಲ್ಲಿ ಹೆಚ್ಚಿನವು ಇಂಥ ಪ್ರಾಕ್ಸಿಯ ಹಿಂದೆಯೇ ಇವೆ.

ಸಂತೆಗೆ ಕಳಿಸುವ ಅಪರಿಚಿತ

ಹೊರಗೆ ಹೋಗಿ ನೋಡಿಬರುವ ಕೆಲಸಕ್ಕೆ ಬೇಕಾಗುವುದು ಪ್ರಾಕ್ಸಿ ಜಾಲ. ಸಂತೆಯಲ್ಲಿ ಪಕ್ಕದ ಅಂಗಡಿಯ ಬೆಲೆ ತಿಳಿಯಲು ವ್ಯಾಪಾರಿ ತಾನೇ ಹೋಗುವುದಿಲ್ಲ. ಮುಖ ಕಂಡರೆ ಬೆಲೆ ಬದಲಾಗುತ್ತದೆ, ಇಲ್ಲವೇ ಮಾತೇ ನಿಲ್ಲುತ್ತದೆ. ಗುರುತಿಲ್ಲದ ಹುಡುಗನನ್ನು ಕಳಿಸುತ್ತಾನೆ. ಆನ್‌ಲೈನ್ ವ್ಯಾಪಾರದಲ್ಲಿ ಪ್ರತಿಸ್ಪರ್ಧಿಗಳ ಬೆಲೆಯನ್ನು ದಿನಕ್ಕೆ ಹಲವು ಬಾರಿ ನೋಡುವುದು ಒಂದು ಉದ್ಯಮವೇ ಆಗಿದೆ. ಇದನ್ನೇ ಸೇವೆಯಾಗಿ ಮಾರುವ ಕಂಪನಿಗಳು ಬೆಂಗಳೂರಿನಲ್ಲೂ ಇವೆ. ಲಕ್ಷಗಟ್ಟಲೆ ಪುಟಗಳನ್ನು ಒಂದೇ ಐಪಿ ವಿಳಾಸದಿಂದ ಕೇಳಿದರೆ ಕೆಲವೇ ನಿಮಿಷಗಳಲ್ಲಿ ತಾಣ ಬಾಗಿಲು ಹಾಕುತ್ತದೆ. ಅದಕ್ಕೆ ವಿನಂತಿಗಳನ್ನು ಸಾವಿರಾರು ವಿಳಾಸಗಳಿಗೆ ಹಂಚಬೇಕು.

ವಿಳಾಸಗಳಲ್ಲೂ ಜಾತಿಗಳಿವೆ. ಡೇಟಾ ಸೆಂಟರ್‌ನ ವಿಳಾಸ ಅಗ್ಗ, ವೇಗವೂ ಹೆಚ್ಚು. ಆದರೆ ಯಾವ ವಿಳಾಸದ ಗುಂಪು ಯಾವ ಕಂಪನಿಗೆ ಸೇರಿದ್ದು ಎಂಬುದು ಬಹಿರಂಗ ಮಾಹಿತಿ. ಕ್ಲೌಡ್ ಸರ್ವರ್‌ನಲ್ಲಿ ಕುಳಿತು ಯಾವ ಗೃಹಿಣಿಯೂ ಸೀರೆ ಹುಡುಕುವುದಿಲ್ಲ ಎಂದು ತಾಣಕ್ಕೆ ಗೊತ್ತು. ಮನೆಯ ಬ್ರಾಡ್‌ಬ್ಯಾಂಡ್ ವಿಳಾಸಕ್ಕೆ, ಅಂದರೆ ರೆಸಿಡೆನ್ಶಿಯಲ್ ಪ್ರಾಕ್ಸಿಗೆ, ಬೆಲೆ ಬರುವುದು ಹೀಗೆ. ಡೇಟಾ ಸೆಂಟರ್ ವಿಳಾಸಗಳನ್ನು ಇಷ್ಟು ವಿಳಾಸಕ್ಕೆ ಇಷ್ಟೆಂದು ಮಾರಿದರೆ, ಇವನ್ನು ಸಾಮಾನ್ಯವಾಗಿ ಜಿಬಿ ಲೆಕ್ಕದಲ್ಲಿ ಮಾರುತ್ತಾರೆ. ನಮ್ಮಲ್ಲಿ ಮೊಬೈಲ್ ಡೇಟಾ ಜಿಬಿಗೆ ಕೆಲವೇ ರೂಪಾಯಿ. ಅದೇ ಜಿಬಿ ಪ್ರಾಕ್ಸಿಯಾಗಿ ಮಾರಾಟವಾಗುವಾಗ ಡಾಲರ್‌ನಲ್ಲಿ ಎಣಿಕೆ. ಈ ಅಂತರವೇ ಈ ವ್ಯಾಪಾರದ ಎಂಜಿನ್.

ಎಲ್ಲಕ್ಕಿಂತ ದುಬಾರಿ ಮೊಬೈಲ್ ಜಾಲದ ವಿಳಾಸ. ಇದಕ್ಕೆ ಕಾರಣ ಒಂದು ಹಳೆಯ ಕೊರತೆ. ಐಪಿವಿ4 ಎಂಬ ಹಳೆಯ ಮಾದರಿಯ ವಿಳಾಸಗಳು ಇರುವುದೇ ಸುಮಾರು 429 ಕೋಟಿ. 2011ರ ಫೆಬ್ರುವರಿಯಲ್ಲಿ ಜಾಗತಿಕ ದಾಸ್ತಾನು ಮುಗಿಯಿತು, ಏಪ್ರಿಲ್‌ನಲ್ಲಿ ಏಷ್ಯಾ-ಪೆಸಿಫಿಕ್‌ನ ಪಾಲೂ ಕೊನೆಯ ಹಂತಕ್ಕೆ ಬಂತು. ಹೀಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಸಾವಿರಾರು ಗ್ರಾಹಕರಿಗೆ ಹಂಚುತ್ತವೆ. ಅಂಥ ವಿಳಾಸವನ್ನು ತಡೆದರೆ ಒಬ್ಬ ಕಳ್ಳನ ಜೊತೆ ಸಾವಿರ ಮಂದಿ ನಿಜವಾದ ಗ್ರಾಹಕರೂ ಹೊರಗುಳಿಯುತ್ತಾರೆ, ಆದ್ದರಿಂದ ತಾಣಗಳು ತಡೆಯಲು ಹಿಂಜರಿಯುತ್ತವೆ. ಇದರ ಇನ್ನೊಂದು ಮುಖ ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರಿಗೆ ಗೊತ್ತು. ಯಾರು ಬೇಕಾದರೂ ಬಳಸಬಹುದಾದ ತೆರೆದ ಪ್ರಾಕ್ಸಿಗಳಿಂದ ಲೇಖನ ತಿದ್ದುವುದಕ್ಕೆ ವಿಕಿಪೀಡಿಯ ನಡೆಸುವ ವಿಕಿಮೀಡಿಯಾ ಅವಕಾಶ ಕೊಡುವುದಿಲ್ಲ. ಯಾರದೋ ತಪ್ಪಿಗೆ ಹಂಚಿಕೊಂಡ ವಿಳಾಸ ತಡೆಪಟ್ಟಿಗೆ ಬಿದ್ದರೆ, ಲೇಖನ ತಿದ್ದಲು ಕುಳಿತ ನಿರಪರಾಧಿಗೂ ಬಾಗಿಲು ಮುಚ್ಚಿರುತ್ತದೆ.

ಪ್ರಾಕ್ಸಿ ಜಾಲದ ಬಳಕೆಗಳಲ್ಲಿ ನನಗೆ ಅತ್ಯಂತ ನ್ಯಾಯವಾಗಿ ಕಾಣುವುದು ವಂಚನೆ ಪತ್ತೆ. ಬ್ಯಾಂಕಿನ ಹೆಸರಿನ ನಕಲಿ ಪುಟ ಕಟ್ಟುವವರು ಅದನ್ನು ಎಲ್ಲರಿಗೂ ತೋರಿಸುವುದಿಲ್ಲ. ಭಾರತದ ಮೊಬೈಲ್ ಜಾಲದಿಂದ, ಆ್ಯಂಡ್ರಾಯ್ಡ್ ಫೋನಿನಿಂದ ಬಂದವರಿಗೆ ಮಾತ್ರ ಕೆವೈಸಿ ಕೇಳುವ ನಕಲಿ ಪುಟ ತೆರೆಯುತ್ತದೆ. ಬ್ಯಾಂಕಿನ ಭದ್ರತಾ ತಂಡ ತನ್ನ ಕಚೇರಿಯಿಂದ ಅದೇ ಕೊಂಡಿ ಒತ್ತಿದರೆ ಖಾಲಿ ಪುಟ. ಬಲಿಯಾಗುವವನ ಕಣ್ಣಿನಿಂದ ನೋಡದೆ ಅಪರಾಧ ಕಾಣಿಸುವುದಿಲ್ಲ, ಆ ಕಣ್ಣು ಸಿಗುವುದು ಪ್ರಾಕ್ಸಿಯಿಂದ. ಜಾಹೀರಾತು ಹಣ ಸರಿಯಾದ ಊರಿನಲ್ಲಿ, ಸರಿಯಾದ ಪುಟದಲ್ಲಿ ಖರ್ಚಾಗುತ್ತಿದೆಯೇ ಎಂದು ನೋಡುವುದೂ ಹೀಗೆಯೇ. ತಮ್ಮದೇ ತಾಣ ದುಬೈನಲ್ಲಿರುವ ಮಂಗಳೂರಿನವರಿಗೆ ಹೇಗೆ ಕಾಣುತ್ತದೆ, ಹಣ ಪಾವತಿ ಆಗುತ್ತದೆಯೇ ಎಂದು ಪರೀಕ್ಷಿಸುವುದಕ್ಕೂ ಇದೇ ದಾರಿ.

ಆದರೆ ಬೇಡದಿದ್ದರೂ ಕೊಳ್ಳುವವರು ಇದ್ದಾರೆ. ಹತ್ತು ನಿಮಿಷದಲ್ಲಿ ದಿನಸಿ ತಲುಪಿಸುವ ಆ್ಯಪ್‌ಗಳ ಬೆಲೆಯನ್ನು ಊರೂರಿನಲ್ಲಿ ನೋಡಬೇಕು ಎಂದು ಮೈಸೂರಿನ ಪ್ರಾಕ್ಸಿ, ಬೆಳಗಾವಿಯ ಪ್ರಾಕ್ಸಿ ಎಂದು ಹುಡುಕುತ್ತಾರೆ. ಆ ಆ್ಯಪ್‌ಗಳು ನಂಬುವುದು ಬಳಕೆದಾರ ಕೊಟ್ಟ ಪಿನ್‌ಕೋಡನ್ನು, ನಕ್ಷೆಯ ಗುರುತನ್ನು. ಐಪಿ ವಿಳಾಸದ ಊರನ್ನಲ್ಲ. ನಮ್ಮ ಮೊಬೈಲ್ ವಿಳಾಸಗಳ ಊರೂ ನೆಚ್ಚುವಂಥದ್ದಲ್ಲ, ಗದಗದಲ್ಲಿ ಕುಳಿತವನನ್ನು ಬೆಂಗಳೂರಿನವನೆಂದೋ ಮುಂಬೈಯವನೆಂದೋ ತೋರಿಸುವುದು ಸಾಮಾನ್ಯ.

ಇತ್ತೀಚೆಗೆ ಈ ಮಾರುಕಟ್ಟೆಗೆ ದೊಡ್ಡ ಗಿರಾಕಿ ಸಿಕ್ಕಿದೆ: ಕೃತಕ ಬುದ್ಧಿಮತ್ತೆಯ ಮಾದರಿಗಳಿಗೆ ಪಠ್ಯ, ಚಿತ್ರ ಒಟ್ಟುಗೂಡಿಸುವವರು. ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ವಿಕಿಮೀಡಿಯಾ 2025ರ ಏಪ್ರಿಲ್‌ನಲ್ಲಿ ಲೆಕ್ಕ ಕೊಟ್ಟಿತು. 2024ರ ಜನವರಿಯಿಂದೀಚೆಗೆ ಚಿತ್ರ, ವಿಡಿಯೊಗಳ ಡೌನ್‌ಲೋಡ್‌ಗೆ ಬೇಕಾದ ಬ್ಯಾಂಡ್‌ವಿಡ್ತ್ 50% ಏರಿತ್ತು. ಸರ್ವರ್‌ಗಳಿಗೆ ಅತಿ ಹೆಚ್ಚು ಖರ್ಚು ತರುವ ಸಂಚಾರದಲ್ಲಿ 65% ಬಾಟ್‌ಗಳದ್ದು, ಅಂದರೆ ಮನುಷ್ಯರಿಲ್ಲದೆ ತಾವಾಗಿಯೇ ಓಡುವ ಪ್ರೋಗ್ರಾಂಗಳದ್ದಾಗಿತ್ತು. ದೇಣಿಗೆಯಿಂದ ನಡೆಯುವ ಸಂಸ್ಥೆಯ ಕಥೆ ಇದು. ಸಣ್ಣ ಕನ್ನಡ ತಾಣ ನಡೆಸುವವರು ಹೋಸ್ಟಿಂಗ್ ಬಿಲ್ ಏಕೆ ಏರಿತೆಂದು ತಲೆ ಕೆರೆದುಕೊಳ್ಳುತ್ತಿದ್ದರೆ ಒಮ್ಮೆ ಲಾಗ್ ತೆರೆದು ನೋಡಲಿ.

ವಿಳಾಸಗಳು ಬರುವುದು ಎಲ್ಲಿಂದ

ಡೇಟಾ ಸೆಂಟರ್ ವಿಳಾಸಗಳನ್ನು ಕೊಳ್ಳಬಹುದು, ಗುತ್ತಿಗೆಗೆ ಪಡೆಯಬಹುದು. ಮನೆಗಳ ಲಕ್ಷಾಂತರ ವಿಳಾಸಗಳನ್ನು ಹೇಗೆ ತರುವುದು? ಉತ್ತರ 2015ರಲ್ಲಿ ಬಹಿರಂಗವಾಯಿತು. ಹೋಲಾ ಎಂಬ ಪುಕ್ಕಟೆ ವಿಪಿಎನ್ ಅನ್ನು ಕೋಟ್ಯಂತರ ಜನ ಬಳಸುತ್ತಿದ್ದರು. ಪುಕ್ಕಟೆ ಬಳಸುವವರ ಸಂಪರ್ಕವನ್ನೇ ಅದರ ಸೋದರ ಸಂಸ್ಥೆ ಲುಮಿನಾಟಿ ಪ್ರಾಕ್ಸಿಯಾಗಿ ವ್ಯಾಪಾರಿಗಳಿಗೆ ಮಾರುತ್ತಿತ್ತು. ಆ ಮೇ ತಿಂಗಳಲ್ಲಿ ಒಂದು ತಾಣದ ಮೇಲೆ ಆ ಜಾಲದಿಂದ ದಾಳಿ ನಡೆದು, ತಾಣದ ಮಾಲೀಕರು ಅದನ್ನು ಬಯಲಿಗೆಳೆದಾಗಲೇ ಬಹುಪಾಲು ಬಳಕೆದಾರರಿಗೆ ವಿಷಯ ತಿಳಿದದ್ದು. ಲುಮಿನಾಟಿ ಮುಂದೆ ಬೇರೆ ಹೂಡಿಕೆದಾರರ ಕೈಗೆ ಹೋಗಿ, 2021ರಲ್ಲಿ ಬ್ರೈಟ್ ಡೇಟಾ ಎಂದು ಹೆಸರು ಬದಲಿಸಿಕೊಂಡಿತು.

ಈಗ ಹಲವು ದಾರಿಗಳಿವೆ. ಬಳಸದ ಇಂಟರ್ನೆಟ್ ಹಂಚಿಕೊಂಡು ಹಣ ಗಳಿಸಿ ಎನ್ನುವ ಆ್ಯಪ್‌ಗಳು ಕನಿಷ್ಠ ವಿಷಯವನ್ನು ಮುಚ್ಚಿಡುವುದಿಲ್ಲ. ಗೇಮ್, ವಾಲ್‌ಪೇಪರ್, ಟಾರ್ಚ್‌ನಂಥ ಆ್ಯಪ್‌ಗಳೊಳಗೆ ಪ್ರಾಕ್ಸಿ ಕಂಪನಿಯ ತುಣುಕೊಂದು ಸೇರಿಕೊಂಡಿರುವುದುಂಟು. ಯಾರೂ ಓದದ ಷರತ್ತುಗಳ ನಡುವೆ ಒಂದು ಸಾಲಿನಲ್ಲಿ ಒಪ್ಪಿಗೆ ಮುಗಿದಿರುತ್ತದೆ. ಅದಕ್ಕಿಂತ ಕೆಟ್ಟದ್ದು ಕಾರ್ಖಾನೆಯಿಂದಲೇ ಸೋಂಕು ಹೊತ್ತು ಬರುವ ಸಾಧನ. 2025ರ ಜೂನ್‌ನಲ್ಲಿ ಎಫ್‌ಬಿಐ 'ಬ್ಯಾಡ್‌ಬಾಕ್ಸ್ 2.0' ಎಂಬ ಇಂಥ ಸೋಂಕಿತ ಸಾಧನಗಳ ಜಾಲದ ಕುರಿತು ಎಚ್ಚರಿಕೆ ನೀಡಿತು. ಜುಲೈನಲ್ಲಿ ಗೂಗಲ್ ಅದರ ಹಿಂದಿರುವವರ ಮೇಲೆ ನ್ಯೂಯಾರ್ಕ್‌ನಲ್ಲಿ ದಾವೆ ಹೂಡಿತು. ಗೂಗಲ್‌ನ ಪ್ರಮಾಣೀಕರಣವಿಲ್ಲದ, ಅಗ್ಗದ ಆ್ಯಂಡ್ರಾಯ್ಡ್ ಟಿವಿ ಬಾಕ್ಸ್‌ಗಳು ಮತ್ತು ಅಂಥವೇ ಉಪಕರಣಗಳು, ಒಟ್ಟು ಒಂದು ಕೋಟಿಗೂ ಮಿಕ್ಕಿ, ಮನೆಯವರಿಗೆ ತಿಳಿಯದಂತೆ ಪ್ರಾಕ್ಸಿಗಳಾಗಿದ್ದವು.

ಹೆಸರಿಲ್ಲದ ಅಂಥದೇ ಒಂದು ಬಾಕ್ಸ್ ನನ್ನ ಚಿಕ್ಕಮ್ಮನ ಮನೆಯಲ್ಲಿತ್ತು. ಹಬ್ಬಕ್ಕೆ ಹೋದಾಗ ಅವರು ಫೋನ್ ಮುಂದೆ ಹಿಡಿದು, 'ಏನೇ ಹುಡುಕಿದ್ರೂ ಟ್ರಾಫಿಕ್ ಲೈಟ್ ಚಿತ್ರ ಒತ್ತು, ನೀನು ಯಂತ್ರ ಅಲ್ಲ ಅಂತ ತೋರ್ಸು ಅಂತ ಕೇಳುತ್ತೆ ಕಣೋ, ಇದೇನು ನೋಡು' ಎಂದರು. ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಹುಡುಕಿದರೆ ಅದು ಕೇಳುತ್ತಿರಲಿಲ್ಲ. ರೂಟರ್‌ನ ಪುಟ ತೆರೆದಾಗ, ರಾತ್ರಿ ಎಲ್ಲರೂ ಮಲಗಿದ ಮೇಲೂ ಟಿವಿ ಬಾಕ್ಸ್‌ನಿಂದ ಹೊರಕ್ಕೆ ದತ್ತಾಂಶ ಹೋಗುತ್ತಲೇ ಇತ್ತು. ಟಿವಿ ನೋಡುವ ಸಾಧನ ಹೊರಗಿನಿಂದ ದತ್ತಾಂಶ ತರಿಸಿಕೊಳ್ಳಬೇಕು; ಇದು ಹೊರಕ್ಕೆ ಕಳಿಸುತ್ತಿತ್ತು. ಬಾಕ್ಸ್‌ನ ವೈರ್ ಕಳಚಿ ತೆಗೆದಿಟ್ಟೆವು. ಏನು ಹೋಗುತ್ತಿತ್ತು, ಯಾರಿಗೆ ಹೋಗುತ್ತಿತ್ತು ಎಂಬುದನ್ನು ಅಲ್ಲಿ ಕುಳಿತು ಪತ್ತೆ ಮಾಡುವ ಸಾಧನ ನನ್ನಲ್ಲಿರಲಿಲ್ಲ. ಆದರೆ ಆ ಮನೆಯ ಸಂಪರ್ಕ ನಿವೃತ್ತ ಶಿಕ್ಷಕಿಯೊಬ್ಬರ ಹೆಸರಿನಲ್ಲಿದೆ. ಆ ವಿಳಾಸದಿಂದ ಏನಾದರೂ ಕೆಟ್ಟದ್ದು ನಡೆದರೆ ನೋಟಿಸ್ ಬರುವುದು ಅವರ ಹೆಸರಿಗೆ. ಅಂದಿನಿಂದ ಈ ವಿಷಯ ನನಗೆ ಬರೀ ತಾಂತ್ರಿಕ ಕುತೂಹಲವಾಗಿ ಉಳಿದಿಲ್ಲ.

ಕೆಟ್ಟದ್ದು ನಡೆಯುವುದು ದೂರದ ಮಾತೂ ಅಲ್ಲ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಹಿರಿಯ ಅಧಿಕಾರಿಗಳ ಇಮೇಲ್‌ಗಳಿಗೆ ರಷ್ಯಾದ ಗುಂಪೊಂದು ನುಗ್ಗಿದ್ದನ್ನು ಒಪ್ಪಿಕೊಂಡಿತು. ದಾಳಿಕೋರರು ಪಾಸ್‌ವರ್ಡ್ ಊಹಿಸುವ ಪ್ರಯತ್ನಗಳನ್ನು ಮನೆಗಳ ಪ್ರಾಕ್ಸಿ ವಿಳಾಸಗಳಿಗೆ ಹಂಚಿ, ಸಾಮಾನ್ಯ ಬಳಕೆದಾರರ ಗುಂಪಿನಲ್ಲಿ ಕರಗಿಹೋಗಿದ್ದರು.

ಕಾನೂನು ನೋಡುತ್ತಿರುವ ದಿಕ್ಕು

ಅಮೆರಿಕದಲ್ಲಿ ಎರಡು ತೀರ್ಪುಗಳು ಈ ಉದ್ಯಮಕ್ಕೆ ಧೈರ್ಯ ಕೊಟ್ಟವು. ಫೇಸ್‌ಬುಕ್, ಇನ್‌ಸ್ಟಾಗ್ರಾಂನ ದತ್ತಾಂಶ ಎತ್ತಿದ್ದಕ್ಕೆ ಮೆಟಾ ಕಂಪನಿ ಬ್ರೈಟ್ ಡೇಟಾ ಮೇಲೆ ಹೂಡಿದ ದಾವೆಯಲ್ಲಿ, ಲಾಗಿನ್ ಆಗದೆ ಎಲ್ಲರಿಗೂ ಕಾಣುವ ಪುಟಗಳನ್ನು ತೆಗೆದುಕೊಳ್ಳುವುದಕ್ಕೆ ಮೆಟಾದ ಷರತ್ತುಗಳು ಅಡ್ಡಿಯಲ್ಲ ಎಂದು 2024ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ ಹೇಳಿತು. ಅದೇ ಮೆಟಾ ಒಂದು ಕಾಲಕ್ಕೆ ಬೇರೆ ತಾಣಗಳ ದತ್ತಾಂಶಕ್ಕಾಗಿ ಬ್ರೈಟ್ ಡೇಟಾದ ಗ್ರಾಹಕನಾಗಿತ್ತು ಎಂಬುದು ಈ ವ್ಯಾಜ್ಯದಲ್ಲೇ ಹೊರಬಂತು. ಮೇ ತಿಂಗಳಲ್ಲಿ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಬ್ರೈಟ್ ಡೇಟಾ ಮೇಲೆ ಹೂಡಿದ ದಾವೆಯೂ ವಜಾ ಆಯಿತು.

ಈ ತೀರ್ಪುಗಳನ್ನು ಹಿಡಿದು ಇಲ್ಲೂ ಎಲ್ಲಕ್ಕೂ ಅನುಮತಿ ಇದೆ ಎಂದು ಭಾವಿಸುವ ನವೋದ್ಯಮಿಗಳಿಗೆ ಒಂದು ಮಾತು. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್, ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರಿನಿಂದ ದತ್ತಾಂಶ ನಕಲು ಮಾಡುವುದಕ್ಕೆ ಪರಿಹಾರ ಕೊಡಬೇಕಾಗುತ್ತದೆ ಎನ್ನುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿ ತಾನೇ ಬಹಿರಂಗಪಡಿಸಿದ ಮಾಹಿತಿಗೆ ಅನ್ವಯಿಸದು. ಬೇರೆಯವರು ಬಹಿರಂಗಪಡಿಸಿದ್ದಕ್ಕೆ ಆ ವಿನಾಯಿತಿಯನ್ನು ಸಲೀಸಾಗಿ ಎಳೆದುಕೊಳ್ಳಲಾಗದು. ಬೆಲೆ ಪಟ್ಟಿ ಒಂದು, ಜನರ ಫೋನ್ ನಂಬರ್ ಇನ್ನೊಂದು.

ಭಾರತ ಸರ್ಕಾರದ ಕಣ್ಣು ಇರುವುದು ಮುಖ್ಯವಾಗಿ ವಿಪಿಎನ್ ಮೇಲೆ. 2022ರ ಏಪ್ರಿಲ್ 28ರಂದು ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ, ಬಳಸುವ ಉದ್ದೇಶವನ್ನು 5 ವರ್ಷ ಇಟ್ಟುಕೊಳ್ಳಬೇಕು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್, ಪ್ರೋಟಾನ್ ಇಲ್ಲಿನ ಸರ್ವರ್‌ಗಳನ್ನು ತೆಗೆದವು. ಕೆಲವು ಕಂಪನಿಗಳು ಸಿಂಗಪುರದಂಥ ಕಡೆ ಸರ್ವರ್ ಇಟ್ಟು ಭಾರತದ ವಿಳಾಸ ತೋರಿಸತೊಡಗಿದವು. ಕಚೇರಿಗಳ ಆಂತರಿಕ ವಿಪಿಎನ್‌ಗೆ ಇದು ಅನ್ವಯಿಸದು ಎಂದು ಮರುತಿಂಗಳ ಸ್ಪಷ್ಟನೆ ಹೇಳಿತು. ಆ ಸ್ಪಷ್ಟನೆಯಲ್ಲಿ ವಿಪಿಎನ್ ಸೇವಾದಾರರನ್ನು ವಿವರಿಸಿದ ರೀತಿ ಗಮನಾರ್ಹ: ವಿಪಿಎನ್ ತಂತ್ರಜ್ಞಾನ ಬಳಸಿ ಸಾಮಾನ್ಯ ಇಂಟರ್ನೆಟ್ ಬಳಕೆದಾರರಿಗೆ 'ಪ್ರಾಕ್ಸಿಯಂಥ ಸೇವೆ' ಕೊಡುವವರು. ಹಣ ಕೊಟ್ಟು ವಿಪಿಎನ್ ಪಡೆಯುವವರು ಯಾರೆಂದು ಈ ನಿಯಮ ಕೇಳುತ್ತದೆ. ಯಾರದೋ ಮನೆಯ ವಿಳಾಸವನ್ನು ಕಂಪನಿಗಳಿಗೆ ಮಾರುವವರು, ಆ ಮನೆಯವರ ಒಪ್ಪಿಗೆ ಪಡೆದಿದ್ದೀರಾ ಎಂಬ ಪ್ರಶ್ನೆಯನ್ನು ಎದುರಿಸುವುದಿಲ್ಲ. ನನ್ನ ಓದಿನಲ್ಲಿ ಇದು ದೊಡ್ಡ ಬಿಟ್ಟುಹೋದ ಜಾಗ. ಹೆಚ್ಚು ಹಾನಿ ಆಗುತ್ತಿರುವುದು ಅಲ್ಲೇ.

ಬಾಗಿಲು ಕಾಯುವವರ ಕಷ್ಟಕ್ಕೆ ರೈಲ್ವೆ ಟಿಕೆಟ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ತತ್ಕಾಲ್ ತೆರೆದ ಮೊದಲ ಐದು ನಿಮಿಷಗಳಲ್ಲಿ ಲಾಗಿನ್ ಪ್ರಯತ್ನಗಳ 50%ವರೆಗೆ ಬಾಟ್‌ಗಳದ್ದು ಎಂದು ರೈಲ್ವೆ 2025ರ ಜೂನ್‌ನಲ್ಲಿ ತಿಳಿಸಿತು. 2.5 ಕೋಟಿ ಖಾತೆಗಳನ್ನು ನಿಷ್ಕ್ರಿಯಗೊಳಿಸಿತು, ಜುಲೈನಿಂದ ತತ್ಕಾಲ್‌ಗೆ ಆಧಾರ್ ಕಡ್ಡಾಯ ಮಾಡಿತು. ವಿಳಾಸ ನೋಡಿ ಮನುಷ್ಯನೋ ಯಂತ್ರವೋ ಎಂದು ಹೇಳುವ ಕಾಲ ಮುಗಿಯುತ್ತಿರುವುದರಿಂದಲೇ ತಾಣಗಳು ಇಂಥ ಗುರುತಿನ ಚೀಟಿಯ ಕಡೆಗೆ ಸರಿಯುತ್ತಿವೆ. ದೀಪಾವಳಿಗೆ ಕಲಬುರಗಿಗೋ ವಿಜಯಪುರಕ್ಕೋ ಹೊರಟವರು ಬೆಳಿಗ್ಗೆ ಹತ್ತಕ್ಕೆ ಫೋನ್ ಹಿಡಿದು ಕೂತು, ಸುತ್ತುವ ಚಕ್ರವನ್ನು ನೋಡುತ್ತಾ ಸೀಟು ಕಳೆದುಕೊಳ್ಳುವಾಗ, ಅವರ ಮುಂದೆ ಸಾಲಿನಲ್ಲಿ ನಿಂತಿದ್ದವರಲ್ಲಿ ಅರ್ಧದಷ್ಟು ಮಂದಿ ಮನುಷ್ಯರೇ ಆಗಿರದಿದ್ದಿರಬಹುದು.

ಪ್ರಾಕ್ಸಿ ಕೊಳ್ಳಲು ಹೊರಟ ಕಂಪನಿ ಮೊದಲು ಆ ತಾಣ ಅಧಿಕೃತ ಎಪಿಐ (ಪ್ರೋಗ್ರಾಂಗಳಿಗೆ ದತ್ತಾಂಶ ಕೊಡುವ ದಾರಿ) ಕೊಡುತ್ತದೆಯೇ ನೋಡಲಿ. ಇಲ್ಲದಿದ್ದರೆ ಡೇಟಾ ಸೆಂಟರ್ ವಿಳಾಸಗಳಿಂದ, ನಿಧಾನವಾಗಿ, ರಾತ್ರಿ ಹೊತ್ತಿನಲ್ಲಿ, ತಾಣಕ್ಕೆ ಭಾರವಾಗದಂತೆ ಕೇಳಿ ನೋಡಲಿ. ಬಹಳಷ್ಟು ಕೆಲಸ ಅಷ್ಟರಲ್ಲೇ ಮುಗಿಯುತ್ತದೆ. ಮನೆಗಳ ವಿಳಾಸವೇ ಬೇಕು ಎಂದಾದರೆ ಮಾರುವವರನ್ನು ಲಿಖಿತವಾಗಿ ಕೇಳಬೇಕು: ಇವು ಯಾವ ಆ್ಯಪ್‌ಗಳಿಂದ ಬಂದಿವೆ, ಆ ಆ್ಯಪ್‌ನಲ್ಲಿ ಒಪ್ಪಿಗೆ ಕೇಳುವ ಪರದೆಯ ಚಿತ್ರ ತೋರಿಸಿ, ಒಪ್ಪಿದವರಿಗೆ ಏನು ಸಿಗುತ್ತದೆ, ಬೇಡ ಎಂದರೆ ಹೊರಬರುವುದು ಹೇಗೆ, ನಮ್ಮ ಜೊತೆ ಅದೇ ವಿಳಾಸವನ್ನು ಇನ್ಯಾರಿಗೆ ಕೊಡುತ್ತೀರಿ. ಆ ಪರದೆ ಒಂದು ನಿಮಿಷದೊಳಗೆ ನಿಮ್ಮ ಮುಂದೆ ಬರದಿದ್ದರೆ ಆ ಒಪ್ಪಂದಕ್ಕೆ ಸಹಿ ಹಾಕಬೇಡಿ.